ಟಸ್ಕೀಗಿಯ ಪ್ರಿನ್ಸಿಪಾಲರು
(ಶ್ರೀಮಠದ ಮಹೋತ್ಸವದ ಅಂಗವಾಗಿ ಜರುಗಿದ ಶಿಕ್ಷಕರ ಹಾಗೂ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)

 

ಸಣ್ಣ ಊರೊಂದರಲ್ಲಿ ವಿದ್ಯಾಲಯವನ್ನು ನಡೆಯಿಸುವ ಮುಖ್ಯಾಧ್ಯಾಪಕನು ಹೇಗಿರಬೇಕು ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿರುವದು. ಇಂಥ ವಿಷಯದಲ್ಲಿ ನೀತಿವಾಕ್ಯಗಳನ್ನು ಪೋಣಿಸಿ ಹೇಳುವದು ಸುಲಭವು; ಕೇಳಿ ಮರೆಯುವದು ಅದಕ್ಕಿಂತ ಸುಲಭವು. ಆದುದರಿಂದ ನಾನು ಉಪದೇಶದ ದಾರಿಯನ್ನು ಬಿಟ್ಟು, ಒಬ್ಬ ಮುಖ್ಯಾಧ್ಯಾಪಕನ ಜೀವನಚರಿತ್ರವನ್ನೇ ತಮ್ಮ ಮುಂದೆ ಇಡಬೇಕೆಂದು ಬಯಸಿದ್ದೇನೆ. ಆ ಮಹನೀಯನು ನಮ್ಮ ನಾಡಿನವನಲ್ಲ, ನಮ್ಮ ಮತದವನಲ್ಲ, ನಮ್ಮ ಭಾಷೆಯ ಒಂದಕ್ಷರವನ್ನೂ ಅರಿತವನಲ್ಲ. ಆದರೂ ಆತನು ಮಾಡಿದ ಕೆಲಸವನ್ನು ಕೇಳಿದರೆ, ‘ಕಾಯಕ’ವೆಂಬ ಶಬ್ದವನ್ನು ಬಾಯಿಂದ ಆಡುವ ನಾವು ಒಂದು ಕ್ಷಣ ತಲೆತಗ್ಗಿಸಿ, ಮರುಕ್ಷಣ ತಲೆಯೆತ್ತಿ ಕೆಲಸಕ್ಕೆ ತೊಡಗುವೆವೆಂದು ನನ್ನ ನಂಬಿಗೆ.

ಅಮೇರಿಕಾ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ ಅಲಬಾಮಾ ಎಂಬ ಪ್ರಾಂತವಿರುವದು. ಆ ಪ್ರಾಂತದಲ್ಲಿ ಟಸ್ಕೀಗಿ ಎಂಬುದೊಂದು ಸಣ್ಣ ಊರು. ೧೮೮೧ನೆಯ ಇಸವಿಯಲ್ಲಿ ಅದರ ಜನಸಂಖ್ಯೆ ಸುಮಾರು ಎರಡು ಸಾವಿರ. ಸುತ್ತಲೂ ಹತ್ತಿಯ ಹೊಲಗಳು. ಹೊಲಗಳಲ್ಲಿ ದುಡಿಯುವವರು ಹದಿನಾರು ವರ್ಷಗಳ ಕೆಳಗೆ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಜನಾಂಗದವರು. ಇಂಥ ಊರಲ್ಲಿ ಆ ವರ್ಷ ಒಬ್ಬ ತರುಣನು ಪ್ರಿನ್ಸಿಪಾಲನಾಗಿ ಬಂದು ಇಳಿದನು. ಆತನ ಹೆಸರು ಬುಕರ್ ಟಿ. ವಾಶಿಂಗ್ಟನ್. ಆಗ ಆತನ ವಯಸ್ಸು ಇಪ್ಪತ್ತೈದು. ಮುಂದೆ ೧೯೧೫ರಲ್ಲಿ ದೇಹವಿಡುವವರೆಗೆ, ಮೂವತ್ತನಾಲ್ಕು ವರ್ಷಗಳ ಕಾಲ, ಆತನಿಗಿದ್ದ ಹುದ್ದೆಯು ಅದೊಂದೇ: ಟಸ್ಕೀಗಿಯ ಶಾಲೆಯ ಪ್ರಿನ್ಸಿಪಾಲ. ರಾಷ್ಟ್ರಾಧ್ಯಕ್ಷರೊಡನೆ ಉಂಡು ಬಂದ ದಿನವೂ ಆತನು ಅದೇ ಆಗಿದ್ದನು. ಕೋಳಿಗೂಡಿನಲ್ಲಿ ಪಾಠ ನಡೆಯಿಸಿದ ದಿನವೂ ಅದೇ ಆಗಿದ್ದನು.

ಈ ಪುರುಷನು ಹುಟ್ಟಿದ್ದು ೧೮೫೬ರಲ್ಲಿ, ವರ್ಜಿನಿಯಾ ಪ್ರಾಂತದ ಒಂದು ಹೊಲಮನೆಯ ಗುಡಿಸಲಿನಲ್ಲಿ. ತಾಯಿ ಜೇನ್ ಎಂಬವಳು ಗುಲಾಮಳು. ಒಡೆಯನ ಮನೆಯ ಅಡಿಗೆಯವಳು. ತಂದೆಯು ಬಿಳಿಯನೆಂಬುದೊಂದನ್ನುಳಿದು ಮಗನಿಗೆ ಆತನ ವಿಷಯ ಏನೂ ತಿಳಿದಿರಲಿಲ್ಲ. ಮಲಗಲಿಕ್ಕೆ ಮಣ್ಣಿನ ನೆಲ, ಹೊದೆಯಲಿಕ್ಕೆ ಹರಕು ಚಿಂದಿ. ಒಡೆಯನ ಮಗಳ ಪುಸ್ತಕಗಳನ್ನು ಹೊತ್ತುಕೊಂಡು ಶಾಲೆಯ ಬಾಗಿಲವರೆಗೆ ಹೋಗುವದು ಆ ಬಾಲಕನ ಪಾಲಿಗೆ ಬಂದಿತ್ತು. ಒಳಗೆ ಕಾಲಿಡುವದು ಬಂದಿರಲಿಲ್ಲ. ೧೮೬೫ರಲ್ಲಿ ಅಂತರ್ಯುದ್ಧವು ಮುಗಿದು ಬಿಡುಗಡೆಯಾದ ಬಳಿಕ ಆ ಕುಟುಂಬವು ಪಶ್ಚಿಮ ವರ್ಜಿನಿಯಾದ ಮಾಲ್ಡನ್ ಎಂಬ ಊರಿಗೆ ಹೋಗಿ ನೆಲೆಸಿತು. ಅಲ್ಲಿ ಉಪ್ಪಿನ ಭಟ್ಟಿಯಲ್ಲಿ ದುಡಿತ. ಮಲತಂದೆಯ ಉಪ್ಪಿನ ಪೀಪಾಯಿಗಳ ಮೇಲೆ ಗುರುತಿಗಾಗಿ ಬರೆಯುತ್ತಿದ್ದ ೧೮ ಎಂಬ ಅಂಕಿಯೇ ಆ ಹುಡುಗನು ಮೊದಲು ಕಲಿತ ಅಕ್ಷರವು. ಮುಂದೆ ಕಲ್ಲಿದ್ದಲ ಗಣಿಯಲ್ಲಿ ಕೆಲಸ ಮಾಡುತ್ತಿರುವಾಗ, ಕಪ್ಪು ಜನರ ಬಡಮಕ್ಕಳು ದುಡಿದು ಕಲಿಯಬಹುದಾದ ಹ್ಯಾಂಪ್ಟನ್ ಎಂಬ ವಿದ್ಯಾಲಯವೊಂದು ಇದೆಯೆಂಬ ಮಾತು ಆತನ ಕಿವಿಗೆ ಬಿದ್ದಿತು. ಎಲ್ಲಿದೆ, ಎಷ್ಟು ದೂರ, ಎಷ್ಟು ಹಣ ಬೇಕು, ಇದಾವದೂ ತಿಳಿಯದು. ಹೋಗಬೇಕೆಂಬ ಹಂಬಲವೊಂದೇ ತಿಳಿಯುವದು.

೧೮೭೨ರಲ್ಲಿ ಹದಿನಾರರ ಆ ಹುಡುಗನು ಮನೆಬಿಟ್ಟು ಹೊರಟನು. ದಾರಿಯು ಸುಮಾರು ಐದುನೂರು ಮೈಲು. ಸ್ವಲ್ಪ ದೂರ ಬಂಡಿ, ಬಹಳ ದೂರ ಕಾಲ್ನಡಿಗೆ. ರಿಚ್ಮಂಡ್ ಪಟ್ಟಣದಲ್ಲಿ ಕೈಯಲ್ಲಿ ಕಾಸಿಲ್ಲದೆ, ಕಾಲುದಾರಿಯ ಹಲಗೆಗಳ ಅಡಿಯಲ್ಲಿ ಮಲಗಿ ರಾತ್ರಿಗಳನ್ನು ಕಳೆದು, ಹಗಲು ಹಡಗಿನಿಂದ ಕಬ್ಬಿಣ ಇಳಿಸುವ ಕೂಲಿ ಮಾಡಿ, ಕೊನೆಗೆ ಅರ್ಧ ಡಾಲರು ಉಳಿಸಿಕೊಂಡು ಹ್ಯಾಂಪ್ಟನ್ ಮುಟ್ಟಿದನು. ಮೈಮೇಲಿನ ಬಟ್ಟೆ, ಮುಖದ ಕಳೆ ನೋಡಿದರೆ ಭಿಕ್ಷುಕನೆನ್ನುವಂತಿತ್ತು. ಅಲ್ಲಿಯ ಮುಖ್ಯ ಶಿಕ್ಷಕಿಯು ಸೇರಿಸಿಕೊಳ್ಳುವೆನೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಬಹಳ ಹೊತ್ತಿನ ಮೇಲೆ, ಪಕ್ಕದ ಕೋಣೆಯನ್ನು ಕಸಗುಡಿಸಲಿಕ್ಕೆ ಹೇಳಿದಳು. ಆತನು ಮೂರು ಸಲ ಗುಡಿಸಿದನು. ನಾಲ್ಕು ಸಲ ಧೂಳು ಒರೆಸಿದನು. ಬೆಂಚುಗಳನ್ನು ಸರಿಸಿ ಮೂಲೆ ಮೂಲೆಯನ್ನು ಸ್ವಚ್ಛ ಮಾಡಿದನು. ಶಿಕ್ಷಕಿಯು ಬಂದು ತನ್ನ ಕರವಸ್ತ್ರದಿಂದ ಗೋಡೆಯ ಹಲಗೆಯನ್ನೂ ಮೇಜನ್ನೂ ಒರೆಸಿ ನೋಡಿದಳು. ಧೂಳಿನ ಕಣವೂ ಹತ್ತಲಿಲ್ಲ. ಪ್ರವೇಶವು ದೊರೆಯಿತು. ಮಹನೀಯರೆ, ಲೋಕದಲ್ಲಿ ಅನೇಕ ವಿಧದ ಪ್ರವೇಶಪರೀಕ್ಷೆಗಳಿರುವವು. ಪೊರಕೆಯಿಂದ ಬರೆದು ಪಾಸಾದ ಪರೀಕ್ಷೆಯಿದು. ಆ ಹುಡುಗನು ಮುಂದೆ ಕಟ್ಟಿದ ಶಾಲೆಯೆಲ್ಲವೂ ಆ ಒಂದು ಕೋಣೆಯ ವಿಸ್ತಾರವೆಂದು ನಾನು ಭಾವಿಸುತ್ತೇನೆ.

ಹ್ಯಾಂಪ್ಟನ್ನಿನ ಅಧ್ಯಕ್ಷರಾದ ಜನರಲ್ ಆರ್ಮ್‌ಸ್ಟ್ರಾಂಗರು ಕೈಕೆಲಸವನ್ನೂ ವಿದ್ಯೆಯನ್ನೂ ಒಂದೇ ನೊಗಕ್ಕೆ ಕಟ್ಟಿದವರು. ಅವರ ನೆರಳಿನಲ್ಲಿ, ಶಾಲೆಯ ಜವಾನನ ಕೆಲಸ ಮಾಡುತ್ತ, ವಾಶಿಂಗ್ಟನ್ನರು ೧೮೭೫ರಲ್ಲಿ ವ್ಯಾಸಂಗವನ್ನು ಮುಗಿಸಿದರು. ಸ್ವಂತ ಊರಾದ ಮಾಲ್ಡನ್ನಿನಲ್ಲಿ ಶಿಕ್ಷಕರಾಗಿದ್ದು, ೧೮೭೯ರಲ್ಲಿ ಹ್ಯಾಂಪ್ಟನ್ನಿಗೇ ಶಿಕ್ಷಕರಾಗಿ ಮರಳಿದರು. ೧೮೮೧ರಲ್ಲಿ ಟಸ್ಕೀಗಿಯಿಂದ ಆರ್ಮ್‌ಸ್ಟ್ರಾಂಗರಿಗೆ ಒಂದು ಕಾಗದ ಬಂದಿತು. ಕಪ್ಪು ಜನಾಂಗದ ಶಿಕ್ಷಕರನ್ನು ತಯಾರಿಸುವ ಶಾಲೆಯೊಂದಕ್ಕೆ ಪ್ರಿನ್ಸಿಪಾಲರು ಬೇಕಾಗಿದ್ದಾರೆ, ಯೋಗ್ಯನಾದ ಬಿಳಿಯನೊಬ್ಬನನ್ನು ಸೂಚಿಸಬೇಕು ಎಂಬುದು ಅದರ ತಾತ್ಪರ್ಯವು. ಆ ಕೆಲಸವನ್ನು ಕಪ್ಪು ಮನುಷ್ಯನೊಬ್ಬನು ವಹಿಸಬಲ್ಲನೆಂದು ಬರೆದವರ ಮನಸ್ಸಿಗೆ ಹೊಳೆದಿರಲೇ ಇಲ್ಲ. ಆರ್ಮ್‌ಸ್ಟ್ರಾಂಗರು ವಾಶಿಂಗ್ಟನ್ನರ ಹೆಸರನ್ನು ಬರೆದು ಕಳಿಸಿದರು, ಅದು ಒಪ್ಪಿಗೆಯಾಯಿತು.

ಹೊಸ ಪ್ರಿನ್ಸಿಪಾಲರು ಊರಿಗೆ ಬಂದು ನೋಡುತ್ತಾರೆ, ಶಾಲೆಯೇ ಇಲ್ಲ! ಪ್ರಾಂತದ ಶಾಸನಸಭೆಯು ವರ್ಷಕ್ಕೆ ೨,೦೦೦ ಡಾಲರು ಮಂಜೂರು ಮಾಡಿದ್ದು ನಿಜ. ಆದರೆ ಆ ಹಣವು ಶಿಕ್ಷಕರ ಸಂಬಳಕ್ಕೆ ಮಾತ್ರ. ಭೂಮಿಗೆ ಇಲ್ಲ, ಕಟ್ಟಡಕ್ಕಿಲ್ಲ, ಪುಸ್ತಕಕ್ಕಿಲ್ಲ. ಇದ್ದುದು ಇಷ್ಟೇ: ಶಾಲೆಗಾಗಿ ಹೆಣಗಿದ ಲೂಯಿಸ್ ಆಡಮ್ಸ್ ಎಂಬ ಒಬ್ಬ ಕುಶಲ ಕರ್ಮಿ, ಆತನೂ ಮೊದಲು ಗುಲಾಮನೇ, ಜಾರ್ಜ್ ಕ್ಯಾಂಪ್‌ಬೆಲ್ ಎಂಬ ಒಬ್ಬ ಬಿಳಿಯ ವ್ಯಾಪಾರಸ್ಥ, ಆತನು ಹಿಂದೆ ಗುಲಾಮರ ಒಡೆಯನು, ಮತ್ತು ಕಲಿಯಬೇಕೆಂದು ಕಾಯುತ್ತಿರುವ ನೂರಾರು ಜನ. ಗುಲಾಮನಾಗಿದ್ದವನೂ ಗುಲಾಮರನ್ನಿಟ್ಟವನೂ ಒಂದು ಶಾಲೆಗಾಗಿ ಕೂಡಿ ದುಡಿದರೆಂಬುದು ವಿದ್ಯೆಯ ಮಹಿಮೆಯಲ್ಲದೆ ಮತ್ತೇನು?

ವಾಶಿಂಗ್ಟನ್ನರು ಮೊದಲು ಮಾಡಿದ ಕೆಲಸವು ಪಾಠವಲ್ಲ, ಪ್ರವಾಸ. ಹೇಸರಗತ್ತೆಯ ಗಾಡಿಯಲ್ಲಿ ಹಳ್ಳಿ ಹಳ್ಳಿಗಳನ್ನು ತಿರುಗಿ, ಜನರ ಗುಡಿಸಲುಗಳಲ್ಲಿಯೇ ಉಂಡು, ಅಲ್ಲಿಯೇ ಮಲಗಿ, ತಾವು ಯಾರ ಮಕ್ಕಳಿಗೆ ಕಲಿಸತಕ್ಕದ್ದಿದೆಯೋ ಅವರ ಬಾಳನ್ನು ಕಣ್ಣಾರೆ ಕಂಡರು. ಒಂದೇ ಕೋಣೆಯಲ್ಲಿ ಇಡೀ ಕುಟುಂಬದ ವಾಸ. ಮನೆಯ ಬಾಗಿಲವರೆಗೂ ಹತ್ತಿ, ತಿನ್ನಲಿಕ್ಕೆ ಕಾಯಿಪಲ್ಯದ ಒಂದು ಗಿಡವಿಲ್ಲ. ಬೆಳೆ ಬರುವ ಮುಂಚೆಯೇ ಅದರ ಮೇಲೆ ಸಾಲ. ಒಂದು ಮನೆಯಲ್ಲಿ ಕಂತಿನ ಮೇಲೆ ಕೊಂಡ ಅರವತ್ತು ಡಾಲರಿನ ವಾದ್ಯವಿತ್ತು. ಊಟಕ್ಕೆ ಕುಳಿತ ಐದು ಜನರ ನಡುವೆ ಮುಳ್ಳುಚಮಚೆ ಮಾತ್ರ ಒಂದೇ. ವಿದ್ಯೆಯೆಂದರೆ ಆಡಂಬರದ ವಸ್ತುವೆಂದು ಬಗೆದಲ್ಲಿ ಅದು ಆ ವಾದ್ಯದಂತೆ ಮೂಲೆಯಲ್ಲಿ ಬಿದ್ದಿರುವದೆಂದು ಅವರು ಅಂದೇ ತಿಳಿದುಕೊಂಡರು.

೧೮೮೧ನೆಯ ಜುಲೈ ೪ರಂದು ಶಾಲೆಯು ಪ್ರಾರಂಭವಾಯಿತು. ಒಂದು ಪ್ರಾರ್ಥನಾಮಂದಿರ, ಅದರ ಮಗ್ಗುಲಿಗೆ ಒಂದು ಮುರುಕು ಚಪ್ಪರ. ವಿದ್ಯಾರ್ಥಿಗಳು ಮೂವತ್ತು ಜನ. ಮಳೆ ಬಂದಾಗ ವಿದ್ಯಾರ್ಥಿಯೊಬ್ಬನು ಎದ್ದು ಬಂದು ಗುರುಗಳ ತಲೆಯ ಮೇಲೆ ಕೊಡೆ ಹಿಡಿದು ನಿಲ್ಲಬೇಕು. ಕೊಡೆಯ ಕೆಳಗೆ ಪಾಠ ಸಾಗಬೇಕು. ಆ ವಿದ್ಯಾರ್ಥಿಗಳಾದರೂ ಎಂಥವರು? ಬಹುಮಂದಿ ಆಗಲೇ ಹಳ್ಳಿಗಳಲ್ಲಿ ಮಾಸ್ತರಿಕೆ ಮಾಡುತ್ತಿದ್ದವರು. ದಪ್ಪ ಪುಸ್ತಕಗಳ ಉದ್ದ ಹೆಸರುಗಳನ್ನು ಹೇಳಿ ಹೆಮ್ಮೆಪಡುವವರು. ವ್ಯಾಕರಣದ ಸೂತ್ರ ಬಾಯಿಪಾಠ, ಗಣಿತದ ಸೂತ್ರ ಬಾಯಿಪಾಠ. ತಮ್ಮ ಮನೆಯ ಲೆಕ್ಕಕ್ಕೆ ಅದನ್ನು ಹಚ್ಚಲು ಬಾರದು. ಕೈಯಿಂದ ಮಾಡುವ ಕೆಲಸವು ಕೀಳು, ಓದಿದವನಿಗೆ ಅದು ತಕ್ಕದ್ದಲ್ಲ ಎಂಬ ಭಾವನೆ. ಇದನ್ನು ಕೇಳಿ ನಾವು ನಗಬೇಕಾದದ್ದಿಲ್ಲ. ಮಗನು ನಾಲ್ಕು ಇಯತ್ತೆ ಓದಿದೊಡನೆ ಆತನ ಕೈಯಿಂದ ಕುರಪಿಯನ್ನು ಕಸಿದುಕೊಳ್ಳುವ ತಂದೆತಾಯಿಗಳು ನಮ್ಮ ಊರುಗಳಲ್ಲಿಯೂ ಇದ್ದಾರಷ್ಟೆ!

ಮೂರು ತಿಂಗಳಾಗುವಷ್ಟರಲ್ಲಿ ಊರಿಂದ ಮೈಲಿನ ದೂರದಲ್ಲಿ ಒಂದು ಹಾಳುಬಿದ್ದ ಹೊಲಮನೆಯು ಮಾರಾಟಕ್ಕೆ ಬಂದಿತು. ನೂರು ಎಕರೆ, ಬೆಲೆ ೫೦೦ ಡಾಲರು. ಒಡೆಯನ ದೊಡ್ಡ ಮನೆಯು ಸುಟ್ಟುಹೋಗಿತ್ತು. ಅಡಿಗೆಮನೆ, ಕುದುರೆಲಾಯ, ಕೋಳಿಗೂಡು ಇಷ್ಟು ಉಳಿದಿದ್ದವು. ವಾಶಿಂಗ್ಟನ್ನರ ಕೈಯಲ್ಲಿ ಬಿಡಿಗಾಸಿಲ್ಲ. ಹ್ಯಾಂಪ್ಟನ್ನಿನ ಖಜಾನೆಯ ಅಧಿಕಾರಿಗಳಾದ ಜನರಲ್ ಮಾರ್ಷಲ್ಲರಿಗೆ ಬರೆದರು. ಸಂಸ್ಥೆಯ ಹಣವನ್ನು ಕೊಡಲಿಕ್ಕೆ ತಮಗೆ ಅಧಿಕಾರವಿಲ್ಲವೆಂದು ತಿಳಿಸಿ ಅವರು ತಮ್ಮ ಸ್ವಂತದ ೨೫೦ ಡಾಲರುಗಳನ್ನು ಸಾಲವಾಗಿ ಕಳಿಸಿದರು. ಭೂಮಿ ದೊರೆಯಿತು. ಕುದುರೆಲಾಯವೂ ಕೋಳಿಗೂಡೂ ತರಗತಿಯ ಕೋಣೆಗಳಾದವು.

ಇನ್ನು ಭೂಮಿಯನ್ನು ಹಸನು ಮಾಡಬೇಕು. ಪಾಠವಾದ ಮೇಲೆ ವಿದ್ಯಾರ್ಥಿಗಳು ಕೂಡಿ ಗಿಡಗಂಟಿ ಕಡಿಯಬೇಕೆಂದು ಪ್ರಿನ್ಸಿಪಾಲರು ತಿಳಿಸಿದಾಗ ಹುಡುಗರ ಮೋರೆಗಳು ಬಾಡಿದವು. ತಾವು ಮಾಸ್ತರರು, ಕಾಡು ಕಡಿಯುವದಕ್ಕೂ ವಿದ್ಯೆಗೂ ಸಂಬಂಧವೇನು? ವಾಶಿಂಗ್ಟನ್ನರು ವಾದ ಮಾಡಲಿಲ್ಲ, ಸಿಟ್ಟಾಗಲಿಲ್ಲ. ಪ್ರತಿದಿನ ಮಧ್ಯಾಹ್ನ ಪಾಠವಾದ ಬಳಿಕ ತಾವೇ ಕೊಡಲಿಯನ್ನು ಹೆಗಲಿಗೇರಿಸಿ ಮುಂದೆ ನಡೆದರು. ಪ್ರಿನ್ಸಿಪಾಲನೇ ಕೊಡಲಿ ಹಿಡಿಯಲು ನಾಚುವದಿಲ್ಲವೆಂದು ಕಂಡ ಮೇಲೆ ಒಬ್ಬೊಬ್ಬರಾಗಿ ಹುಡುಗರು ಹಿಂಬಾಲಿಸಿದರು. ಇಪ್ಪತ್ತು ಎಕರೆ ಹಸನಾಗಿ ಬಿತ್ತನೆಯಾಯಿತು. ಶಿಕ್ಷಕ ಬಂಧುಗಳೆ, ಆಜ್ಞೆಯಿಂದ ಆಗದ ಕೆಲಸವು ಆಚರಣೆಯಿಂದ ಆದ ಬಗೆಯಿದು.

ಸಾಲವನ್ನು ತೀರಿಸುವ ಭಾರವನ್ನು ಹೊತ್ತವಳು ಒಲಿವಿಯಾ ಡೇವಿಡ್‌ಸನ್ ಎಂಬ ಸಹಾಧ್ಯಾಪಿಕೆ. ಶಾಲೆಯು ಪ್ರಾರಂಭವಾದ ಆರು ವಾರಗಳಲ್ಲಿ ಬಂದು ಸೇರಿದ ಈಕೆಯು ಊರಿನ ಬಿಳಿಯರ ಮನೆಗಳಿಗೂ ಕಪ್ಪು ಜನರ ಮನೆಗಳಿಗೂ ಸಮನಾಗಿ ಹೋಗಿ ಸಹಾಯ ಬೇಡಿದಳು. ಯಾರು ಏನು ಕೊಟ್ಟರೂ ಸ್ವೀಕಾರವೇ: ಒಂದು ರೊಟ್ಟಿ, ಒಂದು ಕೋಳಿ, ಒಂದು ಹಂದಿ. ಒಂದು ದಿನ ಎಪ್ಪತ್ತರ ಮುದುಕಿಯೊಬ್ಬಳು, ಚಿಂದಿಯುಟ್ಟು, ಕೋಲೂರಿಕೊಂಡು ಬಂದಳು. ತನ್ನ ಜೀವನದ ಶ್ರೇಷ್ಠ ದಿನಗಳೆಲ್ಲ ಗುಲಾಮಗಿರಿಯಲ್ಲಿ ಕಳೆದವೆಂದೂ, ತನ್ನಲ್ಲಿ ಹಣವಿಲ್ಲವೆಂದೂ, ತಾನು ಕೂಡಿಟ್ಟ ಆರು ಮೊಟ್ಟೆಗಳನ್ನು ಈ ಹುಡುಗ ಹುಡುಗಿಯರ ವಿದ್ಯೆಗೆ ಹಾಕಬೇಕೆಂದೂ ಹೇಳಿ ಅವನ್ನು ಕೊಟ್ಟು ಹೋದಳು. ಮುಂದೆ ಕೋಟ್ಯಧೀಶರಿಂದ ಲಕ್ಷಗಟ್ಟಲೆ ಡಾಲರುಗಳು ಈ ಶಾಲೆಗೆ ಬಂದವು. ಆದರೆ ವಾಶಿಂಗ್ಟನ್ನರ ಮನಸ್ಸನ್ನು ಆ ಆರು ಮೊಟ್ಟೆಗಳಷ್ಟು ಕರಗಿಸಿದ ದಾನವು ಮತ್ತೊಂದಿಲ್ಲ. ಮುಷ್ಟಿ ಜೋಳದಿಂದ ಪ್ರಸಾದನಿಲಯಗಳನ್ನು ಸಾಕಿದ ನಾಡಿನವರಾದ ನಮಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರು ತಿಂಗಳಲ್ಲಿ ಮಾರ್ಷಲ್ಲರ ಸಾಲ ತೀರಿತು. ಮತ್ತೆರಡು ತಿಂಗಳಲ್ಲಿ ಭೂಮಿಯ ಪೂರ್ಣ ಬೆಲೆಯು ಸಂದಿತು.

ಈಗ ನಾನು ಇಟ್ಟಿಗೆಯ ಕಥೆಯನ್ನು ಹೇಳಬೇಕು. ಏಕೆಂದರೆ ಈ ಚರಿತ್ರದ ತಿರುಳು ಅದರಲ್ಲಿಯೇ ಇರುವದು. ಕಟ್ಟಡಗಳನ್ನು ವಿದ್ಯಾರ್ಥಿಗಳೇ ಕಟ್ಟಬೇಕೆಂಬುದು ಪ್ರಿನ್ಸಿಪಾಲರ ಸಂಕಲ್ಪ. ಊರಲ್ಲಿ ಇಟ್ಟಿಗೆಭಟ್ಟಿಯಿಲ್ಲ; ಹಣವಿಲ್ಲ; ಅನುಭವವಿಲ್ಲ. ಮೊಣಕಾಲಮಟ ಕೆಸರಿನಲ್ಲಿ ನಿಂತು ಮಣ್ಣು ತುಳಿಯುವ ಕೆಲಸವೆಂದರೆ ಹುಡುಗರಿಗೆ ಜುಗುಪ್ಸೆ. ಅದರಿಂದ ಶಾಲೆ ಬಿಟ್ಟು ಹೋದವರೂ ಉಂಟು. ಹೇಗೋ ಇಪ್ಪತ್ತೈದು ಸಾವಿರ ಇಟ್ಟಿಗೆಗಳನ್ನು ಕೊಯ್ದು ಭಟ್ಟಿಗೆ ಹಾಕಿದರು. ಭಟ್ಟಿಯ ರಚನೆ ಸರಿಯಾಗದೆ ಅದು ಕೆಟ್ಟಿತು. ಎರಡನೆಯ ಭಟ್ಟಿ ಹಾಕಿದರು, ಅದೂ ಕೆಟ್ಟಿತು. ಮೂರನೆಯದು ಒಂದು ವಾರ ಉರಿದು, ಇನ್ನೇನು ಕೈಗೂಡಿತೆನ್ನುವಾಗ ನಡುರಾತ್ರಿಯಲ್ಲಿ ಕುಸಿದು ಬಿದ್ದಿತು. ಶಿಕ್ಷಕರಲ್ಲಿ ಬಹುಮಂದಿ ಈ ಹುಚ್ಚನ್ನು ಬಿಡಬೇಕೆಂದು ಪ್ರಾರ್ಥಿಸಿದರು. ಕೈಯಲ್ಲಿ ಒಂದು ಡಾಲರೂ ಉಳಿದಿರಲಿಲ್ಲ. ಆಗ ವಾಶಿಂಗ್ಟನ್ನರು ತಮ್ಮ ಗಡಿಯಾರವನ್ನು ಮಾಂಟ್‌ಗೊಮರಿ ಪಟ್ಟಣಕ್ಕೆ ಒಯ್ದು, ಅಡವಿಟ್ಟು ಹದಿನೈದು ಡಾಲರು ತಂದು, ಮನಸ್ಸು ಕುಗ್ಗಿದ ಹುಡುಗರನ್ನು ಹುರಿದುಂಬಿಸಿ, ನಾಲ್ಕನೆಯ ಭಟ್ಟಿಯನ್ನು ಹಾಕಿಸಿದರು. ಅದು ಸಾಧಿಸಿತು. ಗಡಿಯಾರವನ್ನು ಬಿಡಿಸಿಕೊಳ್ಳುವ ಹಣ ಕೈಗೆ ಬರುವಷ್ಟರಲ್ಲಿ ಅಡವಿನ ಮುದ್ದತು ಮೀರಿತ್ತು. ಗಡಿಯಾರ ಹೋಯಿತು, ಶಾಲೆ ಉಳಿಯಿತು. ಇಪ್ಪತ್ತು ವರ್ಷಗಳಾಗುವಷ್ಟರಲ್ಲಿ ಅದೇ ಶಾಲೆಯ ಹುಡುಗರು ಒಂದು ಹಂಗಾಮಿನಲ್ಲಿ ಹನ್ನೆರಡು ಲಕ್ಷ ಉತ್ತಮ ಇಟ್ಟಿಗೆಗಳನ್ನು ಸುಡುತ್ತಿದ್ದರು. ಕಪ್ಪು ಜನರ ವಿದ್ಯೆಯನ್ನು ಹಳಿಯುತ್ತಿದ್ದ ಬಿಳಿಯರೇ ಆ ಇಟ್ಟಿಗೆಗಳನ್ನು ಕೊಳ್ಳಲು ಶಾಲೆಯ ಬಾಗಿಲಿಗೆ ಬಂದರು.

ತಾನು ಕಟ್ಟಿದ ಗೋಡೆಯಲ್ಲಿ ವಿದ್ಯಾರ್ಥಿಗೆ ಎಂಥ ಮಮತೆಯಿರುವದೆಂಬುದಕ್ಕೆ ವಾಶಿಂಗ್ಟನ್ನರು ಕಂಡ ಒಂದು ಸಂಗತಿಯಿದೆ. ಹೊಸದಾಗಿ ಬಂದ ಹುಡುಗನೊಬ್ಬನು ಚಾಕುವಿನಿಂದ ಗೋಡೆಯನ್ನು ಗೀಚಲು ಹೋದರೆ ಹಳೆಯ ವಿದ್ಯಾರ್ಥಿಯೇ ಮುಂದೆ ಬಂದು, ಇದು ನಮ್ಮ ಕಟ್ಟಡ, ಇದಕ್ಕೆ ನನ್ನ ಕೈಯೂ ಹತ್ತಿದೆ ಎಂದು ತಡೆಯುತ್ತಿದ್ದನು. ಪ್ರಿನ್ಸಿಪಾಲರು ದಂಡ ಹಾಕಬೇಕಾಗಿರಲಿಲ್ಲ. ಗುತ್ತಿಗೆದಾರನು ಕಟ್ಟಿಕೊಟ್ಟ ಶಾಲೆಗೆ ಕಾವಲುಗಾರನು ಬೇಕು; ಮಕ್ಕಳು ಕಟ್ಟಿದ ಶಾಲೆಗೆ ಮಕ್ಕಳೇ ಕಾವಲು.

ವಿದ್ಯಾರ್ಥಿನಿಲಯದ ಪ್ರಾರಂಭವೂ ಇದೇ ಬಗೆಯದು. ಕಟ್ಟಡದ ಕೆಳಗೆ ಮಣ್ಣನ್ನು ಅಗೆದು ಅಡಿಗೆಮನೆ ಮಾಡಿದರು. ಪಾತ್ರೆಗಳಿಲ್ಲ, ಬಡಗಿಗಳು ಕೆಲಸಮಾಡುವ ಒರಟು ಹಲಗೆಗಳೇ ಊಟದ ಮೇಜುಗಳು. ಒಂದು ಮುಂಜಾನೆ ಊಟವೂ ಸಿಕ್ಕದೆ, ನೀರನ್ನಾದರೂ ಕುಡಿಯೋಣವೆಂದು ಬಾವಿಗೆ ಹೋದ ಹುಡುಗಿಯೊಬ್ಬಳು ಹಗ್ಗ ಹರಿದುದನ್ನು ಕಂಡು, ಈ ಶಾಲೆಯಲ್ಲಿ ಕುಡಿಯಲಿಕ್ಕೆ ನೀರೂ ಸಿಕ್ಕುವದಿಲ್ಲವೆಂದು ನಿಟ್ಟುಸಿರುಬಿಟ್ಟಳು. ಪ್ರಿನ್ಸಿಪಾಲರು ಹತ್ತಿರದಲ್ಲಿಯೇ ಇರುವರೆಂಬುದು ಆಕೆಗೆ ಗೊತ್ತಿರಲಿಲ್ಲ. ತಮ್ಮ ಬಾಳಿನಲ್ಲಿ ಆ ಮಾತಿನಷ್ಟು ಎದೆಗುಂದಿಸಿದ ಮಾತು ಮತ್ತೊಂದಿಲ್ಲವೆಂದು ಅವರು ಮುಂದೆ ಬರೆದುಕೊಂಡಿರುವರು. ಆದರೂ ಶಾಲೆಯು ಸುಖದಿಂದ ಪ್ರಾರಂಭವಾಗದೆ ಕಷ್ಟದಿಂದ ಪ್ರಾರಂಭವಾದುದೇ ಲೇಸಾಯಿತೆಂದು ಅವರು ನಂಬಿದ್ದರು. ಹಲ್ಲುಜ್ಜುವದು, ಸ್ನಾನ, ಮಡಿಬಟ್ಟೆ, ಹರಿದ ಅಂಗಿಗೆ ಗುಂಡಿ, ಇವು ಅಲ್ಲಿ ವ್ಯಾಕರಣಕ್ಕಿಂತ ಕಡಿಮೆಯ ಪಾಠಗಳಾಗಿರಲಿಲ್ಲ. ತೀರ ಬಡವರಾದ ಮಕ್ಕಳಿಗಾಗಿ ೧೮೮೪ರಲ್ಲಿ ರಾತ್ರಿಶಾಲೆಯನ್ನು ತೆರೆದರು. ಹಗಲು ಹತ್ತು ತಾಸು ದುಡಿಮೆ, ರಾತ್ರಿ ಎರಡು ತಾಸು ಓದು. ದುಡಿಮೆಯ ಹಣವು ಮುಂದಿನ ಹಗಲುಶಾಲೆಯ ಖರ್ಚಿಗಾಗಿ ಜಮೆಯಾಗುವದು. ಹನ್ನೆರಡು ಜನರಿಂದ ಪ್ರಾರಂಭವಾದ ಆ ವರ್ಗವು ಕೆಲವೇ ವರ್ಷಗಳಲ್ಲಿ ನೂರಾರು ಜನರಾಯಿತು.

ಒಬ್ಬನೇ ಎಲ್ಲವನ್ನೂ ಮಾಡಲಾರನು. ತಕ್ಕವರನ್ನು ತಂದು ಕೂಡಿಸುವದೂ ಮುಖ್ಯಾಧ್ಯಾಪಕನ ಧರ್ಮವು. ಮೆಸಾಚುಸೆಟ್ಸ್ ತಂತ್ರವಿದ್ಯಾಲಯದಿಂದ ಪದವಿ ಪಡೆದ ಕಪ್ಪು ಜನಾಂಗದವರಲ್ಲಿ ಮೊದಲಿಗರಾದ ರಾಬರ್ಟ್ ಟೇಲರರನ್ನು ಅವರು ೧೮೯೨ರಲ್ಲಿ ಕರೆತಂದರು. ಶಾಲೆಯ ಕಟ್ಟಡಗಳು ಆ ಶಿಲ್ಪಿಯ ಯೋಜನೆಯಂತೆ ಏಳತೊಡಗಿದವು. ೧೮೯೬ರಲ್ಲಿ ಜಾರ್ಜ್ ವಾಶಿಂಗ್ಟನ್ ಕಾರ್ವರರು ಕೃಷಿವಿಭಾಗಕ್ಕೆ ಬಂದರು. ಹತ್ತಿಯಿಂದ ಬಡವಾದ ನೆಲಕ್ಕೆ ಶೇಂಗಾ, ಅಲಸಂದಿ ಮೊದಲಾದ ಬೆಳೆಗಳಿಂದ ಸತ್ವ ಬರುವದೆಂದು ರೈತರಿಗೆ ಕಲಿಸಿದ ವಿಜ್ಞಾನಿಗಳಿವರು. ಶಾಲೆಗೆ ಬರಲಾರದ ರೈತನಿದ್ದಲ್ಲಿಗೆ ಶಾಲೆಯೇ ಹೋಗಬೇಕೆಂದು ೧೯೦೬ರಲ್ಲಿ ಕುದುರೆಗಾಡಿಯ ಮೇಲೆ ಬೀಜ, ನೇಗಿಲು, ಹಾಲಿನ ಉಪಕರಣಗಳನ್ನು ಹೇರಿ ಹಳ್ಳಿಗಳಿಗೆ ಕಳಿಸಿದರು.

ಮಹನೀಯರೆ, ಇಷ್ಟನ್ನು ಹೇಳಿ ನಾನು ಮುಗಿಸಿದರೆ ಕೇಳುವದಕ್ಕೆ ಇಂಪಾಗಬಹುದು. ಆದರೆ ಸತ್ಯವು ಅರ್ಧವಾಗುವದು. ಗುರುಸನ್ನಿಧಿಯಲ್ಲಿ ಅರ್ಧಸತ್ಯವನ್ನು ಹೇಳಬಾರದು.

೧೮೯೫ನೆಯ ಸೆಪ್ಟೆಂಬರ ೧೮ರಂದು ಅಟ್ಲಾಂಟಾ ಪಟ್ಟಣದ ಪ್ರದರ್ಶನದಲ್ಲಿ ವಾಶಿಂಗ್ಟನ್ನರು ಮಾಡಿದ ಭಾಷಣದಿಂದ ಅವರ ಕೀರ್ತಿಯು ದೇಶವೆಲ್ಲ ಹಬ್ಬಿತು. ತಮ್ಮ ಜನರು ಸದ್ಯಕ್ಕೆ ರಾಜಕೀಯ ಹಕ್ಕುಗಳಿಗಾಗಿ ಹೋರಾಡುವದಕ್ಕಿಂತ ಉದ್ಯೋಗದಲ್ಲಿಯೂ ಆಸ್ತಿಯಲ್ಲಿಯೂ ಬೆಳೆಯುವದು ಲೇಸೆಂಬುದು ಅದರ ಸಾರಾಂಶವು. ಬಿಳಿಯರು ಹೊಗಳಿದರು. ಆದರೆ ಆ ಕಾಲದಲ್ಲಿಯೇ ದಕ್ಷಿಣ ಪ್ರಾಂತಗಳು ಕಪ್ಪು ಜನರ ಮತದಾನದ ಹಕ್ಕನ್ನು ಒಂದೊಂದಾಗಿ ಕಸಿದುಕೊಳ್ಳುತ್ತಿದ್ದವು. ೧೯೦೧ರಲ್ಲಿ ಅಲಬಾಮಾ ಪ್ರಾಂತವೂ ಹೊಸ ಸಂವಿಧಾನದಿಂದ ಅದನ್ನೇ ಮಾಡಿತು. ೧೯೦೩ರಲ್ಲಿ ಡ್ಯು ಬೋಯಿಸ್ ಎಂಬ ಕಪ್ಪು ಜನಾಂಗದ ಮಹಾವಿದ್ವಾಂಸರು ತಮ್ಮ ಗ್ರಂಥದಲ್ಲಿ ಈ ನೀತಿಯನ್ನು ಖಂಡಿಸಿದರು. ಮತವಿಲ್ಲದ ಮನುಷ್ಯನು ಗಳಿಸಿದ ಆಸ್ತಿಯನ್ನು ಕಾಯುವವರು ಯಾರು? ಉಚ್ಚಶಿಕ್ಷಣವಿಲ್ಲದಿದ್ದರೆ ಟಸ್ಕೀಗಿಗೆ ಶಿಕ್ಷಕರು ಬರುವದಾದರೂ ಎಲ್ಲಿಂದ? ಈ ಪ್ರಶ್ನೆಗಳಿಗೆ ಸಮರ್ಪಕವಾದ ಉತ್ತರವು ವಾಶಿಂಗ್ಟನ್ನರಲ್ಲಿ ಇರಲಿಲ್ಲವೆಂದೇ ಹೇಳಬೇಕು. ಟೇಲರರೂ ಕಾರ್ವರರೂ ಉಚ್ಚಶಿಕ್ಷಣದ ಫಲಗಳೇ ಅಲ್ಲವೆ?

ಆದರೆ ಸಣ್ಣ ಊರ ಪ್ರಿನ್ಸಿಪಾಲನ ಕುತ್ತಿಗೆಯ ಮೇಲೆ ಎಂಥ ಕತ್ತಿಯು ತೂಗುತ್ತಿತ್ತೆಂಬುದನ್ನೂ ನೋಡಬೇಕು. ಅದೇ ೧೮೯೫ರ ಬೇಸಗೆಯಲ್ಲಿ, ಬಿಳಿಯರ ಗುಂಪಿನ ಗುಂಡೇಟು ತಿಂದ ಕಪ್ಪು ವಕೀಲನೊಬ್ಬನು ಆಶ್ರಯ ಬೇಡಿ ಅವರ ಮನೆಯ ಬಾಗಿಲಿಗೆ ಬಂದನು. ಅವನನ್ನು ಒಳಗೆ ಕರೆದುಕೊಂಡರೆ ಗುಂಪು ಶಾಲೆಗೆ ಬೆಂಕಿಯಿಡಬಹುದು. ನೂರಾರು ಮಕ್ಕಳು ಒಳಗಿದ್ದಾರೆ. ಅವರು ಬಹಿರಂಗವಾಗಿ ಆಶ್ರಯವನ್ನು ನಿರಾಕರಿಸಿದರು. ಗುಪ್ತವಾಗಿ ಅವನನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಿ ವೈದ್ಯೋಪಚಾರ ಮಾಡಿಸಿದರು. ತಮ್ಮ ಜನರೇ ಅವರನ್ನು ಹೇಡಿಯೆಂದು ಜರೆದರು. ಅವರು ಬಾಯಿ ತೆರೆಯಲಿಲ್ಲ. ಅಲಬಾಮಾದ ಮತದಾನದ ಅನ್ಯಾಯವನ್ನು ವರಿಷ್ಠ ನ್ಯಾಯಾಲಯದವರೆಗೆ ಒಯ್ದ ದಾವೆಗಳಿಗೂ ಅವರೇ ಗುಪ್ತವಾಗಿ ಹಣ ಒದಗಿಸುತ್ತಿದ್ದರೆಂಬುದು ಬಹುಕಾಲದ ಮೇಲೆ ಅವರ ಖಾಸಗಿ ಕಾಗದಗಳಿಂದ ಬೆಳಕಿಗೆ ಬಂದಿತು. ಬಾಯಿಂದ ಒಂದು, ಕೈಯಿಂದ ಒಂದು ಎಂಬ ಈ ಬಾಳುವೆಯು ಆದರ್ಶವೆಂದು ನಾನು ಹೇಳಲಾರೆನು. ನಡೆನುಡಿಗಳೊಂದಾಗಬೇಕೆಂಬ ಪರಂಪರೆಯಲ್ಲಿ ಬೆಳೆದ ನಮಗೆ ಅದು ಚುಚ್ಚುವದು. ಆದರೆ ನುಡಿ ದೊಡ್ಡದಾಗಿ ನಡೆ ಸಣ್ಣದಾಗುವದು ಲೋಕದ ಸಾಮಾನ್ಯ ದೋಷವು. ಇಲ್ಲಿ ನುಡಿ ಸಣ್ಣದಾಗಿ ನಡೆ ದೊಡ್ಡದಾಗಿತ್ತು. ಶಾಲೆಯನ್ನು ಉಳಿಸಿಕೊಳ್ಳಲಿಕ್ಕೆ ಆ ಮನುಷ್ಯನು ಗಡಿಯಾರವನ್ನು ಮಾತ್ರವಲ್ಲ, ತನ್ನ ಒಳ್ಳೆಯ ಹೆಸರನ್ನೂ ಅಡವಿಟ್ಟನು. ಡ್ಯು ಬೋಯಿಸರು ಬೇಡಿದ ಹಕ್ಕೂ ಬೇಕಾಗಿತ್ತು, ವಾಶಿಂಗ್ಟನ್ನರು ಸುಟ್ಟ ಇಟ್ಟಿಗೆಯೂ ಬೇಕಾಗಿತ್ತು. ಒಂದನ್ನು ಬಿಟ್ಟು ಒಂದರಿಂದ ಜನಾಂಗವು ಏಳಲಾರದೆಂಬುದು ಆಮೇಲಿನ ಇತಿಹಾಸದ ತೀರ್ಪು.

ಇಷ್ಟೊಂದು ಪ್ರಖ್ಯಾತಿಯ ನಡುವೆಯೂ ಅವರ ಕಣ್ಣು ಶಾಲೆಯ ಮೇಲಿಂದ ಕದಲಲಿಲ್ಲ. ಚಂದಾ ಬೇಡಲು ವರ್ಷದ ಅನೇಕ ತಿಂಗಳು ಉತ್ತರ ಪ್ರಾಂತಗಳಲ್ಲಿ ತಿರುಗಬೇಕಾಗುತ್ತಿತ್ತು; ಎಲ್ಲಿಯೇ ಇರಲಿ, ಶಾಲೆಯ ದಿನದಿನದ ವರದಿಯು ಅವರಿಗೆ ಮುಟ್ಟಬೇಕು. ಊರಿನಲ್ಲಿದ್ದಾಗ ಮುಂಜಾನೆ ಕುದುರೆಯೇರಿ ಹೊಲ, ಗೋಶಾಲೆ, ಕಾರ್ಖಾನೆಗಳನ್ನು ಸುತ್ತಿ ಬರುವರು. ರವಿವಾರ ಸಂಜೆಗೆ ವಿದ್ಯಾರ್ಥಿಗಳೆಲ್ಲರನ್ನೂ ಕೂಡಿಸಿ ಮನೆಯ ಹಿರಿಯನಂತೆ ಮಾತಾಡುವರು. ೧೯೧೨ರಲ್ಲಿ ಶಿಕಾಗೋ ಪಟ್ಟಣದ ವ್ಯಾಪಾರಿಗಳಾದ ಜೂಲಿಯಸ್ ರೋಸನ್‌ವಾಲ್ಡರು ಶಾಲೆಯ ಆಡಳಿತ ಮಂಡಳಿಯನ್ನು ಸೇರಿದರು. ಅವರ ಧನದಿಂದ ಟಸ್ಕೀಗಿಯ ಸುತ್ತಲೂ ಆರು ಹಳ್ಳಿಶಾಲೆಗಳು ಮೊದಲಾದವು. ಊರಿನವರೂ ತಮ್ಮ ಪಾಲನ್ನು ಹಾಕಬೇಕು, ದುಡಿಯಬೇಕು ಎಂಬುದು ಅಲ್ಲಿಯ ನಿಯಮವು. ೧೯೩೨ರ ಹೊತ್ತಿಗೆ ಇಂಥ ಶಾಲೆಗಳ ಸಂಖ್ಯೆಯು ಸುಮಾರು ಐದು ಸಾವಿರವಾಗಿತ್ತು.

೧೯೧೫ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿರುವಾಗ ಅವರ ಆರೋಗ್ಯವು ಪೂರ್ಣ ಕುಸಿಯಿತು. ಇನ್ನು ಕೆಲವೇ ಗಳಿಗೆಗಳೆಂದು ವೈದ್ಯರು ತಿಳಿಸಿದಾಗ, ತಾನು ದಕ್ಷಿಣದಲ್ಲಿ ಹುಟ್ಟಿದವನು, ಅಲ್ಲಿಯೇ ದುಡಿದವನು, ಅಲ್ಲಿಯೇ ಮಣ್ಣಾಗತಕ್ಕವನು ಎಂದು ಹಟಹಿಡಿದು ರೈಲನ್ನು ಹತ್ತಿದರು. ಟಸ್ಕೀಗಿಯನ್ನು ಮುಟ್ಟಿದ ಕೆಲವು ತಾಸುಗಳಲ್ಲಿ, ನವೆಂಬರ ೧೪ರಂದು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ ದೇಹವಿಟ್ಟರು. ಮುರುಕು ಚಪ್ಪರದಲ್ಲಿ ಮೂವತ್ತು ಜನರಿಂದ ಪ್ರಾರಂಭವಾದ ಶಾಲೆಯಲ್ಲಿ ಆಗ ನೂರಕ್ಕೂ ಮಿಕ್ಕಿ ಕಟ್ಟಡಗಳು, ಸುಮಾರು ೧,೫೦೦ ವಿದ್ಯಾರ್ಥಿಗಳು, ೨೦೦ ಜನ ಅಧ್ಯಾಪಕರು ಇದ್ದರು. ಶಾಶ್ವತ ನಿಧಿಯು ಇಪ್ಪತ್ತು ಲಕ್ಷ ಡಾಲರುಗಳ ಸಮೀಪಕ್ಕೆ ಬಂದಿತ್ತು. ಶಾಲೆಯ ಆವರಣದಲ್ಲಿಯೇ, ಇಟ್ಟಿಗೆಯ ಸಮಾಧಿಯಲ್ಲಿ, ಪ್ರಿನ್ಸಿಪಾಲರು ಮಲಗಿರುವರು. ಆ ಶಾಲೆಯು ಇಂದು ವಿಶ್ವವಿದ್ಯಾಲಯವಾಗಿ ಬೆಳೆದು ನಿಂತಿರುವದು.

ಶಿಕ್ಷಕ ಬಂಧುಗಳೆ, ಈ ಚರಿತ್ರದಿಂದ ನಾವು ತೆಗೆದುಕೊಳ್ಳತಕ್ಕದ್ದು ಬಹಳವಿಲ್ಲ, ಒಂದೇ ಮಾತು. ಶಾಲೆಯೆಂಬುದು ಕೊಡಿಸಿಕೊಳ್ಳುವ ವಸ್ತುವಲ್ಲ, ಕಟ್ಟಿಕೊಳ್ಳುವ ವಸ್ತು. ಸರಕಾರದ ಮಂಜೂರಾತಿಯು ಬರಲಿಲ್ಲ, ಕೋಣೆಯಿಲ್ಲ, ಉಪಕರಣಗಳಿಲ್ಲ ಎಂದು ಕೈಕಟ್ಟಿ ಕುಳಿತ ಮುಖ್ಯಾಧ್ಯಾಪಕನಿಗೆ ಕೋಳಿಗೂಡಿನ ತರಗತಿಯು ಉತ್ತರ ಕೊಡುವದು. ಹುಡುಗರು ಮಾತು ಕೇಳುವದಿಲ್ಲವೆಂಬ ಗುರುವಿಗೆ ಹೆಗಲ ಮೇಲಿನ ಕೊಡಲಿಯು ಉತ್ತರ ಕೊಡುವದು. ಮೂರು ಸಲ ಸೋತೆನೆಂಬುವನಿಗೆ ನಾಲ್ಕನೆಯ ಭಟ್ಟಿಯು ಉತ್ತರ ಕೊಡುವದು.

ಪ್ರಸಾದನಿಲಯದ ವಿದ್ಯಾರ್ಥಿಗಳೆ, ನೀವು ನಾಳೆ ಬೆಳಿಗ್ಗೆ ನಿಮ್ಮ ಕೋಣೆಯನ್ನು ಗುಡಿಸುವಾಗ, ಪೊರಕೆಯಿಂದ ಪರೀಕ್ಷೆಯಲ್ಲಿ ಪಾಸಾದ ಆ ಹುಡುಗನನ್ನು ನೆನೆಯಿರಿ; ಮೂಲೆಯನ್ನೂ ಬಿಡದೆ ಗುಡಿಸಿರಿ. ನಿಮ್ಮ ತಟ್ಟೆಗೆ ಬರುವ ಅನ್ನದಲ್ಲಿ ಯಾವ ಮುದುಕಿಯ ಮುಷ್ಟಿಯ ಕಾಳು ಸೇರಿದೆಯೋ ಯಾರು ಬಲ್ಲರು? ಆ ಋಣವು ಹಣದಿಂದ ತೀರುವದಲ್ಲ. ನೀವೂ ಒಂದು ದಿನ ಒಂದು ಊರಿನಲ್ಲಿ ನಿಂತು ನಾಲ್ಕು ಮಕ್ಕಳಿಗೆ ಕಲಿಸಿದರೆ ತೀರುವದು.

​